ಬಿಲ್ಲಿಗೆ ಲೈಸೆನ್ಸ್ ಬೇಕಾ, ಬಾಣ ಬಿಡುವ ಜಾಗಕ್ಕೆ ಬೇಕಾ?

ಪ್ರಶ್ನೆ: ಸರ್, ನನ್ನ ಮಗನಿಗೆ 13 ವರ್ಷ. ಒಂದು ವರ್ಷದಿಂದ ಬಿಲ್ಲುಗಾರಿಕೆ ಕಲಿಯುತ್ತಿದ್ದಾನೆ. ಹೋದ ತಿಂಗಳು ಸ್ಪರ್ಧೆಗೆ ಹೊರಟಾಗ ಬಸ್ ನಿಲ್ದಾಣದಲ್ಲಿ ಪೊಲೀಸರು ಬ್ಯಾಗ್ ತೆಗೆಸಿ, "ಇದಕ್ಕೆ ಲೈಸೆನ್ಸ್ ಎಲ್ಲಿ?" ಅಂತ ಕೇಳಿದರು. ಕೋಚ್ ಹತ್ತಿರ ಫೋನಿನಲ್ಲಿ ಮಾತಾಡಿಸಿದ ಮೇಲೆ ಬಿಟ್ಟರು. ಅದಾದ ವಾರಕ್ಕೇ ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಒಬ್ಬರು, "ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಬಿಲ್ಲು ತರಿಸಬಹುದಂತೆ, ಸರ್ಕಾರ ಕಣ್ಣು ಮುಚ್ಚಿ ಕೂತಿದೆ" ಅಂದರು. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಬಿಲ್ಲು ಬಾಣಕ್ಕೆ ಸರ್ಕಾರ ಲೈಸೆನ್ಸ್ ಇಡಬೇಕಾ, ಬೇಡವಾ?
(ಒಬ್ಬ ತಾಯಿ, ತುಮಕೂರು)

ಉತ್ತರ: ಮೊದಲು ಬಸ್ ನಿಲ್ದಾಣದ ಮಾತು ಮುಗಿಸಿಬಿಡೋಣ. ನಿಮ್ಮ ಮಗನ ಬಿಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಪೊಲೀಸರು ಕೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಉದ್ದನೆಯ ಕಪ್ಪು ಬ್ಯಾಗು, ಒಳಗೆ ಲೋಹದ ಹಿಡಿ, ಕಾರ್ಬನ್ ಕಡ್ಡಿಗಳು, ತುದಿಯಲ್ಲಿ ಉಕ್ಕಿನ ಮೊನೆ. ಕಂಡವರು ಕೇಳಲೇಬೇಕು. ಕೇಳಿದಾಗ ಹೇಳಲು ನಿಮ್ಮ ಹತ್ತಿರ ಉತ್ತರ ಇರಬೇಕಿತ್ತು, ಅಷ್ಟೆ.

ಆ ಉತ್ತರ ಇದು. ನಮ್ಮಲ್ಲಿ ಆಯುಧಗಳ ವಿಷಯ ನೋಡಿಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 3ನೇ ಸೆಕ್ಷನ್ ಲೈಸೆನ್ಸ್ ಕೇಳುವುದು ಬಂದೂಕಿಗೆ, ಮದ್ದುಗುಂಡಿಗೆ. ಕತ್ತಿ, ಈಟಿಯಂಥ ಬೇರೆ ಆಯುಧಗಳಿಗೆ 4ನೇ ಸೆಕ್ಷನ್ ಇದೆ. ಯಾವುದಾದರೂ ಒಂದು ಪ್ರದೇಶಕ್ಕೆ ಅಗತ್ಯ ಅನ್ನಿಸಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಅಲ್ಲಿ ಮಾತ್ರ ಅಂಥವುಗಳಿಗೂ ಲೈಸೆನ್ಸ್ ಬೇಕಾಗುತ್ತದೆ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಈಟಿ, ಯುದ್ಧದ ಕೊಡಲಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು, ಎಲ್ಲವನ್ನೂ ಹೆಸರು ಹಿಡಿದು ಬರೆದಿದ್ದಾರೆ. ಬಿಲ್ಲು ಬಾಣದ ಹೆಸರಿಲ್ಲ.

ಹಿಂದೆ ಇತ್ತು. 1878ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆ ತೆಗೆದು ನೋಡಿ. ಆಯುಧ ಅಂದರೆ ಏನು ಅಂತ ಹೇಳುವ ಸಾಲಿನಲ್ಲೇ ಬಂದೂಕು, ಕತ್ತಿ, ಈಟಿಯ ಜೊತೆ "ಬಿಲ್ಲು ಮತ್ತು ಬಾಣ" ಕೂಡ ಇದೆ. 1855ರಲ್ಲಿ ಸಂತಾಲರು ಬಿಲ್ಲು ಹಿಡಿದು ಎದ್ದದ್ದು ಅವರಿಗೆ ಇನ್ನೂ ನೆನಪಿದ್ದಿರಬೇಕು. ನಮ್ಮ ಕಡೆಯೂ ಇಂಥ ಕಥೆ ಇದೆ, ಅಲ್ವಾ? 1857ರಲ್ಲಿ ಆಯುಧ ಒಪ್ಪಿಸಿ ಅಂತ ಆಜ್ಞೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಬೇಟೆಯಾಡಿ ಬದುಕುವವನ ಕೈಯಿಂದ ಆಯುಧ ಕಿತ್ತುಕೊಂಡರೆ ಏನಾಗುತ್ತದೆ ಅಂತ ಆ ಊರಿನವರು ಲಾವಣಿ ಕಟ್ಟಿ ಹಾಡಿದ್ದಾರೆ. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ಬರೆಯುವಾಗ ಆ ಸಾಲಿನಿಂದ ಬಿಲ್ಲು ಬಾಣ ಬಿಟ್ಟುಹೋಯಿತು. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಕಸ್ಟಮ್ಸ್ ಸುಂಕದ ಪಟ್ಟಿ ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ಅದರ 93ನೇ ಅಧ್ಯಾಯ ಆಯುಧಗಳದ್ದು. ಅಧ್ಯಾಯದ ಶುರುವಿನ ಟಿಪ್ಪಣಿಯಲ್ಲೇ "ಬಿಲ್ಲು, ಬಾಣ, ಕತ್ತಿವರಸೆಯ ಕತ್ತಿ, ಆಟಿಕೆ ಇಲ್ಲಿ ಬರುವುದಿಲ್ಲ, 95ನೇ ಅಧ್ಯಾಯ ನೋಡಿ" ಅನ್ನುವ ಅರ್ಥದ ಮಾತಿದೆ. 95 ಅಂದರೆ ಆಟಿಕೆ ಮತ್ತು ಆಟದ ಸಾಮಾನು. ಅಂದರೆ ಬಂದರಿನಲ್ಲಿ ನಿಮ್ಮ ಮಗನ ಬಿಲ್ಲು ಶಟಲ್ ಬ್ಯಾಟಿನ ಜೊತೆ ಸಾಲಿನಲ್ಲಿ ನಿಲ್ಲುತ್ತದೆ, ಪಿಸ್ತೂಲಿನ ಜೊತೆ ಅಲ್ಲ.

ಆದರೆ ಕಾನೂನು ಬಿಲ್ಲನ್ನು ಪೂರ್ತಿ ಮರೆತಿದೆ ಅಂದುಕೊಳ್ಳಬೇಡಿ. ಕಾಡಿನ ಗೇಟು ದಾಟಿದರೆ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅನ್ನುವ ಪದದ ಅರ್ಥದಲ್ಲಿ ಬಿಲ್ಲು ಬಾಣ ಸೇರಿದೆ. ಉರುಳು, ಬಲೆ, ವಿಷ, ಕೊಕ್ಕೆಯ ಪಕ್ಕದಲ್ಲೇ ಇದೆ. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವ ಹಾಗಿಲ್ಲ. ಆದ್ದರಿಂದ ಸ್ಪರ್ಧೆ ಮುಗಿಸಿಕೊಂಡು ಹಾಗೇ ಬಂಡೀಪುರ ಸಫಾರಿಗೆ ಹೋಗೋಣ ಅಂತ ಪ್ಲಾನ್ ಇದ್ದರೆ ಬಿಲ್ಲನ್ನು ಮನೆಗೆ ಕಳಿಸಿ ಹೋಗಿ. ಇದು ತಮಾಷೆಯ ಮಾತಲ್ಲ.

ಇನ್ನು ಯಾರಿಗಾದರೂ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್ ಇದೆ. ಹೊಡೆಯುವ, ಚುಚ್ಚುವ, ಕತ್ತರಿಸುವ ಯಾವ ಸಾಧನವಾದರೂ ಅದಕ್ಕೆ ಒಂದೇ. ಬೇಕಂತಲೇ ಅಲ್ಲ, ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 125 ಇದೆ. ಪೊಲೀಸರು ನಿಷೇಧಾಜ್ಞೆ ಹೊರಡಿಸಿದ ದಿನ ಬಿಲ್ಲೂ ದೊಣ್ಣೆಯೂ ಒಂದೇ. ಹಾಗಾಗಿ ನಿಮ್ಮ ಅಪಾರ್ಟ್‌ಮೆಂಟಿನವರು "ಸರ್ಕಾರ ಕಣ್ಣು ಮುಚ್ಚಿ ಕೂತಿದೆ" ಅಂದದ್ದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ. ಎಲ್ಲಿ ನಿಜ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಆಗುವುದಿಲ್ಲ. ಅವರು ಕೇಳಬಹುದಾಗಿದ್ದ ಗಟ್ಟಿ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ನಮ್ಮ ನಿಯಮದಲ್ಲಿ ಏರ್‌ಗನ್ನಿಗೆ ಒಂದು ಗೆರೆ ಇದೆ. ಗುಂಡು ಹೊರಬೀಳುವಾಗಿನ ಶಕ್ತಿ 20 ಜೂಲ್ ದಾಟಿದರೆ, ಅಥವಾ ನಳಿಗೆಯ ಬಾಯಿ 4.5 ಮಿಲಿಮೀಟರ್‌ಗಿಂತ ದೊಡ್ಡದಾದರೆ ಲೈಸೆನ್ಸ್ ಬೇಕು. ಈಗ ಬಿಲ್ಲನ್ನು ಅದೇ ತಕ್ಕಡಿಯಲ್ಲಿಡಿ. ಸ್ಪರ್ಧೆಯ ರಿಕರ್ವ್ ಬಿಲ್ಲಿನಿಂದ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) 20 ಗ್ರಾಂ ತೂಕದ ಬಾಣ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದರೆ 36 ಜೂಲ್. ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ 25 ಗ್ರಾಂ ಬಾಣ 85 ಮೀಟರ್ ವೇಗದಲ್ಲಿ ಹೋದರೆ 90 ಜೂಲ್. ಬಾಗಿಲ ಹಿಂದೆ ನಿಲ್ಲಿಸಿದ ಏರ್‌ಗನ್ನಿಗೆ ಲೈಸೆನ್ಸ್, ಅದರ ನಾಲ್ಕು ಪಟ್ಟು ಬಲದ ಬಿಲ್ಲಿಗೆ ಏನೂ ಇಲ್ಲ. ಇದು ಯಾವ ಸೀಮೆಯ ನ್ಯಾಯ?

ಹೊರಗಿನಿಂದ ನೋಡಿದರೆ ಈ ವಾದಕ್ಕೆ ಉತ್ತರವೇ ಇಲ್ಲ. ಬಿಲ್ಲು ಕೈಯಲ್ಲಿ ಹಿಡಿದವರಿಗೆ ಇದೆ.

ಬಂದೂಕಿನ ಶಕ್ತಿ ಬಂದೂಕಿನೊಳಗಿದೆ. ಯಾರು ಕುದುರೆ ಒತ್ತಿದರೂ ಗುಂಡು ಅದೇ ವೇಗದಲ್ಲಿ ಹೋಗುತ್ತದೆ. ಬಿಲ್ಲಿನ ಶಕ್ತಿ ಅರ್ಧ ಬಿಲ್ಲಿನದು, ಅರ್ಧ ಹಿಡಿದವನದು. ಬಿಲ್ಲಿನ ರೆಕ್ಕೆಯ ಮೇಲೆ (ನಾವು ಲಿಂಬ್ ಅನ್ನುತ್ತೇವೆ) "40 ಪೌಂಡ್" ಅಂತ ಬರೆದಿರುತ್ತದೆ. ಅದು ಹೆದೆಯನ್ನು 28 ಇಂಚು ಎಳೆದಾಗ ಕೈಗೆ ಬರುವ ಭಾರದ ಲೆಕ್ಕ. ಒಂದು ಇಂಚು ಕಡಿಮೆ ಎಳೆದರೆ ಹತ್ತಿರ ಹತ್ತಿರ 2 ಪೌಂಡ್ ಕಡಿಮೆಯಾಗುತ್ತದೆ. ಗಿಡ್ಡ ಕೈಯ ಹುಡುಗ 25 ಇಂಚು ಎಳೆದರೆ ಅದೇ ಬಿಲ್ಲು 34 ಪೌಂಡಿನದಾಗುತ್ತದೆ. ಅವನ ಉದ್ದ ಕೈಯ ಅಣ್ಣ ಎಳೆದರೆ 44 ಆಗಬಹುದು. ಹಾಗಾದರೆ ಲೈಸೆನ್ಸ್ ಕೊಡುವ ಅಧಿಕಾರಿ ಯಾವುದನ್ನು ಅಳೆಯಬೇಕು? ಬಿಲ್ಲನ್ನಾ, ಹುಡುಗನ ಕೈಯನ್ನಾ?

ಇನ್ನೊಂದು ತೊಡಕಿದೆ. ರಿಕರ್ವ್ ಬಿಲ್ಲು ಅಂದರೆ ಒಂದೇ ವಸ್ತುವಲ್ಲ. ನಡುವೆ ಹಿಡಿ (ರೈಸರ್), ಮೇಲೊಂದು ಕೆಳಗೊಂದು ಲಿಂಬ್, ಒಂದು ಹೆದೆ. ಬಿಚ್ಚಿದರೆ ನಾಲ್ಕು ಸಾಮಾನು. ಕಲಿಯುವ ಮಕ್ಕಳು 18 ಅಥವಾ 20 ಪೌಂಡಿನಲ್ಲಿ ಶುರು ಮಾಡುತ್ತಾರೆ. ಮೈಯಲ್ಲಿ ಬಲ ಬಂದ ಹಾಗೆ 24, 28, 32 ಅಂತ ಲಿಂಬ್ ಬದಲಾಯಿಸುತ್ತಾ ಹೋಗುತ್ತೇವೆ. ನಿಮ್ಮ ಮಗ ಇನ್ನು ಮೂರು ವರ್ಷದಲ್ಲಿ ನಾಲ್ಕು ಜೊತೆ ಲಿಂಬ್ ನೋಡುತ್ತಾನೆ. ಪ್ರತಿ ಸಲ ಅರ್ಜಿ, ಪೊಲೀಸ್ ವರದಿ, ಡಿಸಿ ಕಚೇರಿ? ಬಂದೂಕಿನ ಲೈಸೆನ್ಸಿಗೆ ಕನಿಷ್ಠ 21 ವರ್ಷ ಆಗಿರಬೇಕು. ಶೂಟಿಂಗ್ ಕಲಿಯುವ ಮಕ್ಕಳಿಗೆ ಅದರಲ್ಲಿ ಬೇರೆ ಕಿಂಡಿ ಬಿಟ್ಟಿದ್ದಾರೆ, ನಿಜ. ಆ ಕಿಂಡಿ ಹುಡುಕಿ ನುಗ್ಗುವುದರಲ್ಲೇ ಅಪ್ಪ ಅಮ್ಮಂದಿರು ಸುಸ್ತಾಗಿರುತ್ತಾರೆ.

20 ಜೂಲ್ ಗೆರೆಯನ್ನೇ ಬಿಲ್ಲಿಗೂ ಎಳೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದ್ದೇನೆ. 24 ಪೌಂಡಿನ ಬಿಲ್ಲಿನಿಂದ 18 ಗ್ರಾಂ ಬಾಣ ಸೆಕೆಂಡಿಗೆ 45 ಮೀಟರ್ ಹೋದರೆ 18 ಜೂಲ್. ಗೆರೆಯ ಈಚೆಗೆ. ಮುಂದಿನ ಲಿಂಬ್ ಹಾಕಿದ ದಿನ ಹುಡುಗ ಗೆರೆಯ ಆಚೆಗೆ. ಅಂದರೆ ಆಟ ಬರುವ ಹೊತ್ತಿಗೇ ಅವನು ಶಸ್ತ್ರಧಾರಿ ಆಗಿಬಿಡುತ್ತಾನೆ. ಅತ್ತ ಮೋಟು ಬಿದಿರಿನ ಬೊಂಬು, ನೈಲಾನ್ ಹಗ್ಗ, ಸೈಕಲ್ ಕಡ್ಡಿ ಸಿಕ್ಕರೆ ಯಾರು ಬೇಕಾದರೂ ಮಧ್ಯಾಹ್ನದೊಳಗೆ ಒಂದು ಬಿಲ್ಲು ಕಟ್ಟಬಹುದು. ಕೆಟ್ಟ ಬುದ್ಧಿ ಇರುವವನು ಲೈಸೆನ್ಸ್ ಕಚೇರಿಯ ದಾರಿ ಹಿಡಿಯುವುದಿಲ್ಲ. ಹಿಡಿಯುವವರು ನೀವು.

ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ ಅಂತ ನೋಡುವಾಗ ಒಂದು ಎಚ್ಚರ ಬೇಕು. ಬಿಲ್ಲು ಬೇರೆ, ಕ್ರಾಸ್‌ಬೋ ಬೇರೆ. ಸುದ್ದಿಯಲ್ಲಿ ಎರಡನ್ನೂ ಕಲಸಿ ಒಂದೇ ಪಾತ್ರೆಗೆ ಸುರಿಯುತ್ತಾರೆ. ಕ್ರಾಸ್‌ಬೋ ಅಂದರೆ ಬಂದೂಕಿನ ಹಿಡಿಗೆ ಅಡ್ಡ ಕೂರಿಸಿದ ಬಿಲ್ಲು. ಹೆದೆಯನ್ನು ಒಮ್ಮೆ ಎಳೆದು ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಮತ್ತೆ ಭಾರ ಹಿಡಿದು ನಿಲ್ಲಬೇಕಿಲ್ಲ. ಗಂಟೆಗಟ್ಟಲೆ ಕಾಯಬಹುದು, ಮಲಗಿ ಗುರಿ ಇಡಬಹುದು, ಕುದುರೆ ಒತ್ತಿದರೆ ಸಾಕು. ಹತ್ತು ನಿಮಿಷದಲ್ಲಿ ಕಲಿಯಬಹುದು. ಬಿಲ್ಲಿನಲ್ಲಿ ಎಳೆದ ಭಾರವನ್ನು ಬಾಣ ಬಿಡುವ ತನಕ ಬೆನ್ನು ಹೊರಬೇಕು. ಆರು ಸೆಕೆಂಡ್ ದಾಟಿದರೆ ಕೈ ನಡುಗುತ್ತದೆ. 70 ಮೀಟರ್ ದೂರದ ಗುರಿಗೆ ಹೊಡೆಯಲು ವರ್ಷಗಳು ಬೇಕು. ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಾಡಲಂತೂ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 2021ರ ಕ್ರಿಸ್‌ಮಸ್ ದಿನ ಒಬ್ಬ ಯುವಕ ರಾಣಿಯನ್ನು ಕೊಲ್ಲಬೇಕು ಅಂತ ವಿಂಡ್ಸರ್ ಅರಮನೆಯ ಆವರಣಕ್ಕೆ ನುಗ್ಗಿದ. ಕೈಯಲ್ಲಿದ್ದದ್ದು ಕ್ರಾಸ್‌ಬೋ. 2024ರ ಜುಲೈನಲ್ಲಿ ಬುಶಿ ಅನ್ನುವ ಊರಿನಲ್ಲಿ ಒಂದೇ ಮನೆಯ ಮೂವರು ಹೆಂಗಸರ ಕೊಲೆಯಾಯಿತು. ಅಲ್ಲೂ ಚಾಕುವಿನ ಜೊತೆಗಿದ್ದದ್ದು ಕ್ರಾಸ್‌ಬೋ. ಆ ದೇಶದಲ್ಲಿ 1987ರಿಂದಲೇ ಕ್ರಾಸ್‌ಬೋಗೆ ಅಂತ ಬೇರೆ ಕಾಯ್ದೆ ಇದೆ. 18 ತುಂಬದವರು ಕೊಳ್ಳುವ ಹಾಗಿಲ್ಲ. ಬಿಲ್ಲಿಗೆ ಲೈಸೆನ್ಸ್ ಇಲ್ಲ, ಆದರೆ ಬಿಲ್ಲಿನಿಂದ ಬೇಟೆಯಾಡುವುದು ನಿಷಿದ್ಧ. 1363ರಲ್ಲಿ ಅದೇ ದೇಶದ ದೊರೆ ಮೂರನೇ ಎಡ್ವರ್ಡ್, ರಜಾ ದಿನಗಳಲ್ಲಿ ಗಂಡಸರೆಲ್ಲ ಬಿಲ್ಲು ಅಭ್ಯಾಸ ಮಾಡಲೇಬೇಕು ಅಂತ ಆಜ್ಞೆ ಹೊರಡಿಸಿದ್ದ. ಸರ್ಕಾರದ ನಿಯಂತ್ರಣ ಅಂದರೆ ಹಾಗೂ ಇರಬಹುದು ನೋಡಿ!

ಜಪಾನಿನ ದಾರಿ ನನಗೆ ಇಷ್ಟ. 2020ರ ಜೂನಿನಲ್ಲಿ ತಕರಾಜುಕ ಅನ್ನುವ ಊರಿನಲ್ಲಿ ಒಬ್ಬ ತನ್ನ ಮನೆಯವರನ್ನೇ ಕ್ರಾಸ್‌ಬೋದಿಂದ ಕೊಂದ. ಅಲ್ಲಿನ ಸಂಸತ್ತು ಮರುವರ್ಷವೇ ಕಾಯ್ದೆ ತಿದ್ದಿತು. 2022ರ ಮಾರ್ಚ್ 15ರಿಂದ ಅನುಮತಿ ಇಲ್ಲದೆ ಕ್ರಾಸ್‌ಬೋ ಇಟ್ಟುಕೊಳ್ಳುವುದೇ ಅಪರಾಧ. ಆದರೆ ಎರಡು ಮೀಟರ್‌ಗೂ ಉದ್ದದ ಅವರ ಸಾಂಪ್ರದಾಯಿಕ ಬಿಲ್ಲು ಇದೆಯಲ್ಲ, ಶಾಲೆಯ ಮಕ್ಕಳು ಹಿಡಿಯುವ ಕ್ಯೂದೋ ಬಿಲ್ಲು, ಅದನ್ನು ಮುಟ್ಟಲಿಲ್ಲ. ರೋಗ ಎಲ್ಲಿದೆಯೋ ಅಲ್ಲಿಗೇ ಸೂಜಿ ಹಾಕಿದರು. ನಮ್ಮಲ್ಲೂ ಕ್ರಾಸ್‌ಬೋ ಮಾರಾಟಕ್ಕೆ ಅನುಮತಿ ಪತ್ರ ಬರಲಿ ಅಂತ ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

"ಹಾಗಾದರೆ ನಾರ್ವೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2021ರ ಅಕ್ಟೋಬರ್ 13ರಂದು ಕಾಂಗ್ಸ್‌ಬರ್ಗ್ ಊರಿನಲ್ಲಿ ಒಬ್ಬ ಬಿಲ್ಲು ಹಿಡಿದು ಬೀದಿಗಿಳಿದ. ಐದು ಜನ ಸತ್ತರು. "ಬಿಲ್ಲು ಬಾಣದಿಂದ ಐವರ ಹತ್ಯೆ" ಅಂತ ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು. ಕೆಲವು ದಿನ ಬಿಟ್ಟು ಪೊಲೀಸರು ಹೇಳಿದ್ದು ಬೇರೆ: ಬಾಣ ಬಿಟ್ಟಿದ್ದು ನಿಜ, ಜನರಿಗೆ ಗಾಯವಾದದ್ದೂ ನಿಜ, ಆದರೆ ಐದೂ ಸಾವು ಆಗಿದ್ದು ಚುಚ್ಚುವ ಆಯುಧದಿಂದ. ಕೋರ್ಟು ಅವನನ್ನು ಮಾನಸಿಕ ಚಿಕಿತ್ಸೆಗೆ ಒಪ್ಪಿಸಿತು. ಮೊದಲ ದಿನದ ಸುದ್ದಿ ಎಲ್ಲರಿಗೂ ನೆನಪಿದೆ. ಐದನೇ ದಿನದ್ದು ಯಾರಿಗೂ ಇಲ್ಲ.

ಅಮೆರಿಕದಲ್ಲಿ ಬಿಲ್ಲು ಇಟ್ಟುಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಇಲ್ಲ, ತೆರಿಗೆ ಇದೆ. 1972ರ ತಿದ್ದುಪಡಿಯಿಂದ ಬಿಲ್ಲಿನ ಮೇಲೆ 11 ಶೇಕಡಾ ತೆರಿಗೆ ಹಾಕುತ್ತಾರೆ. ಈಗ 30 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಎಳೆತದ ಬಿಲ್ಲಿಗೆ ಮಾತ್ರ. ಮಕ್ಕಳ ಬಿಲ್ಲಿಗಿಲ್ಲ. ಆ ದುಡ್ಡು ವನ್ಯಜೀವಿ ರಕ್ಷಣೆಗೆ, ಬೇಟೆಗಾರರ ತರಬೇತಿಗೆ, ಗುರಿ ಅಭ್ಯಾಸದ ರೇಂಜ್ ಕಟ್ಟುವುದಕ್ಕೆ ಹೋಗುತ್ತದೆ. ನಾವೂ ಆಮದು ಬಿಲ್ಲಿಗೆ ಸುಂಕ, ಜಿಎಸ್‌ಟಿ ಎಲ್ಲ ಕಟ್ಟುತ್ತೇವೆ. ಅದರಲ್ಲಿ ಒಂದು ರೂಪಾಯಿ ನಮ್ಮ ರೇಂಜಿನ ಬೇಲಿಗೆ ವಾಪಸ್ ಬಂದಿದ್ದನ್ನು ನಾನು ಕಂಡಿಲ್ಲ.

ಈಗ ನಿಜವಾದ ವಿಷಯಕ್ಕೆ ಬಂದೆ. ನಿಮ್ಮ ಅಪಾರ್ಟ್‌ಮೆಂಟಿನವರ ಮಾತಿನಲ್ಲಿ ನಿಜ ಇದೆ ಅಂದೆನಲ್ಲ, ಅದು ಇಲ್ಲಿ.

ಇಪ್ಪತ್ತು ವರ್ಷಕ್ಕೂ ಮೇಲೆ ರೇಂಜಿನಲ್ಲಿ ನಿಂತಿದ್ದೇನೆ. ಕಲಿಸಿದ್ದೇನೆ, ತೀರ್ಪುಗಾರನಾಗಿ ಸೀಟಿ ಊದಿದ್ದೇನೆ. ಬಿಲ್ಲು ಹಿಡಿದು ಜಗಳಕ್ಕೆ ಹೋದವರನ್ನು ನಾನು ನೋಡಿಲ್ಲ. ಆದರೆ ಎದೆ ಧಸಕ್ ಅನ್ನುವಂಥ ಘಳಿಗೆಗಳನ್ನು ನೋಡಿದ್ದೇನೆ. ಎಲ್ಲವೂ ಆಗಿದ್ದು ಒಳ್ಳೆಯ ಮಕ್ಕಳ ಕೈಯಲ್ಲಿ, ಕೆಟ್ಟ ಜಾಗದಲ್ಲಿ.

ಒಂದು ಹೇಳುತ್ತೇನೆ. ಬೆಂಗಳೂರಿನ ಹೊರಗಿನ ಒಂದು ಬಡಾವಣೆಯಲ್ಲಿ ಬೇಸಿಗೆ ಶಿಬಿರ. ಖಾಲಿ ಸೈಟು ಬಾಡಿಗೆಗೆ ಹಿಡಿದು ನಡೆಸುತ್ತಿದ್ದರು. ಗುರಿಹಲಗೆಗಳ ಹಿಂದೆ ಇದ್ದದ್ದು ನರ್ಸರಿಯಲ್ಲಿ ಗಿಡಕ್ಕೆ ಕಟ್ಟುವ ಹಸಿರು ನೆರಳು ಬಲೆ. ಅದು ಬಿಸಿಲನ್ನೇ ಅರ್ಧ ತಡೆಯುತ್ತದೆ, ಬಾಣವನ್ನು ತಡೆಯುತ್ತದಾ? ನಾನು ಅತಿಥಿಯಾಗಿ ಹೋಗಿದ್ದೆ. ಮಾತು ಮುಗಿಸುವಷ್ಟರಲ್ಲಿ ಹತ್ತು ವರ್ಷದ ಹುಡುಗಿಯ ಬಾಣ ಹಲಗೆಯ ಮೇಲಿಂದ ಹಾರಿ ಬಲೆ ಸೀಳಿಕೊಂಡು ಹೋಯಿತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಹೋಗಿ ನೋಡಿದರೆ ನೀರು ತುಂಬಿಟ್ಟಿದ್ದ ನೀಲಿ ಡ್ರಮ್ಮಿಗೆ ಬಾಣ ಚುಚ್ಚಿ ನಿಂತಿದೆ, ಬುಡದಿಂದ ನೀರು ಸೋರುತ್ತಿದೆ. ಎರಡು ಮಾರು ಆಚೆ ಗಾರೆ ಕೆಲಸದ ಹೆಂಗಸೊಬ್ಬರು ಬುತ್ತಿ ಬಿಚ್ಚಿ ಕೂತಿದ್ದರು. ಅವರು ನನ್ನ ಮುಖ ನೋಡಿ, "ಏನ್ ಸಾಮಿ, ನಮ್ಮನ್ನೇನ್ ಜಿಂಕೆ ಅಂದ್ಕೊಂಡ್ರಾ?" ಅಂದರು. ನನಗೆ ನಗು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಆ ಹುಡುಗಿಯ ಬಿಲ್ಲು 16 ಪೌಂಡಿನದು. ಆ 20 ಜೂಲ್ ಗೆರೆ ಎಳೆದಿದ್ದರೂ ಆ ಬಿಲ್ಲಿಗೆ ಲೈಸೆನ್ಸ್ ಬೇಕಾಗುತ್ತಿರಲಿಲ್ಲ. ತಪ್ಪು ಬಿಲ್ಲಿನದಲ್ಲ, ಹುಡುಗಿಯದಂತೂ ಅಲ್ಲವೇ ಅಲ್ಲ. ಆ ಸೈಟಿನಲ್ಲಿ ಬಾಣ ಬಿಡಬಹುದು ಅಂತ ಹೇಳಿದವರು ಯಾರು? ಯಾರೂ ಇಲ್ಲ. ಯಾರನ್ನೂ ಕೇಳಬೇಕಾಗಿಯೂ ಇರಲಿಲ್ಲ. ಬೋಂಡಾ ಅಂಗಡಿ ಇಡಲು ಪಾಲಿಕೆಯಿಂದ ಕಾಗದ ತರಬೇಕು. ಬಿಲ್ಲಿನ ರೇಂಜ್ ತೆರೆಯಲು ಒಂದು ಬ್ಯಾನರ್ ಸಾಕು. ಎಷ್ಟೋ ರೇಂಜ್‌ಗಳಿಗೆ ಹೋಗಿದ್ದೇನೆ. ಜಾಗ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟು ಗೋಡೆಯಲ್ಲಿ ತೂಗುಹಾಕಿದ್ದನ್ನು ಒಂದು ಕಡೆಯೂ ನೋಡಿಲ್ಲ.

ಇದು ಸಣ್ಣ ಶಿಬಿರಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 2020ರ ಜನವರಿಯಲ್ಲಿ ಅಸ್ಸಾಂನಲ್ಲಿ ತರಬೇತಿಯ ವೇಳೆ 12 ವರ್ಷದ ಬಿಲ್ಲುಗಾತಿಯ ಕುತ್ತಿಗೆ ಭುಜದ ಹತ್ತಿರ ಬಾಣ ನಾಟಿತು. ವಿಮಾನದಲ್ಲಿ ದೆಹಲಿಯ ಏಮ್ಸ್‌ಗೆ ಒಯ್ದು ಆಪರೇಷನ್ ಮಾಡಿ ತೆಗೆಯಬೇಕಾಯಿತು. ಮಗು ಬದುಕಿತು. ಆದರೆ ಬಾಣ ಹಾರುವ ಹೊತ್ತಿನಲ್ಲಿ ಅದರ ದಾರಿಯಲ್ಲಿ ಒಂದು ಮಗು ಹೇಗೆ ಬಂತು ಅನ್ನುವುದೇ ಪ್ರಶ್ನೆ.

ಈ ಆಟದಲ್ಲಿ ಅದಕ್ಕೆ ಉತ್ತರ ಇದೆ, ತುಂಬಾ ಸರಳವಾದದ್ದು. ಎರಡು ಸೀಟಿ ಊದಿದರೆ ಗೆರೆಗೆ ಬನ್ನಿ. ಒಂದು ಊದಿದರೆ ಬಿಡಿ. ಮೂರು ಊದಿದರೆ ಬಿಲ್ಲು ಕೆಳಗಿಟ್ಟು ಬಾಣ ತರಲು ಹೋಗಿ. ಬಿಡದೆ ಊದುತ್ತಿದ್ದರೆ ಎಲ್ಲರೂ ನಿಲ್ಲಿಸಿ, ಎಳೆದ ಹೆದೆಯನ್ನು ನಿಧಾನವಾಗಿ ಇಳಿಸಿ. ಒಬ್ಬರು ಗೆರೆ ದಾಟಿದ್ದರೂ ಬಿಲ್ಲಿಗೆ ಬಾಣ ಹೂಡುವ ಹಾಗಿಲ್ಲ. ಹೆದೆ ಎಳೆಯುವಾಗ ಬಿಲ್ಲನ್ನು ಆಕಾಶಕ್ಕೆ ಎತ್ತುವ ಹಾಗಿಲ್ಲ, ಏಕೆಂದರೆ 40 ಪೌಂಡಿನ ಬಿಲ್ಲಿನಿಂದ ಮೇಲ್ಮುಖವಾಗಿ ಜಾರಿದ ಬಾಣ 200 ಮೀಟರ್ ಆಚೆಗೂ ಹೋಗಿ ಬೀಳುತ್ತದೆ. ಗುರಿಯಿಂದ ಬಾಣ ಕೀಳುವಾಗ ಹಿಂದೆ ಯಾರೂ ನಿಲ್ಲಬಾರದು. ಬಾಣದ ಬಾಲ ಕಣ್ಣಿಗೆ ಹೊಡೆಯುತ್ತದೆ. ಕಾರ್ಬನ್ ಬಾಣವನ್ನು ಬಿಡುವ ಮೊದಲು ಬಾಗಿಸಿ ಕಿವಿಗೊಟ್ಟು ಕೇಳಬೇಕು. ಸಣ್ಣಗೆ ಚಿಟ್ ಅಂದರೆ ಅದು ಕಸಕ್ಕೆ. ಒಡಕು ಬಾಣ ಬಿಟ್ಟರೆ ಸೀಳಿ ಬಿಟ್ಟವನ ಕೈಗೇ ನಾಟುತ್ತದೆ. ಇದೆಲ್ಲ ಒಂದು ವಾರದಲ್ಲಿ ಕಲಿಸಬಹುದಾದ ಪಾಠ. ಕಲಿಸದವರೂ ಕೋಚ್ ಅಂತ ಬೋರ್ಡ್ ಹಾಕಿಕೊಂಡಿದ್ದಾರೆ. ಅದೇ ನನ್ನ ದೂರು.

ಹಾಗಾಗಿ ಸರ್ಕಾರ ಕೈಹಾಕಬೇಕು ಅನ್ನುವವರ ಜೊತೆ ನಾನಿದ್ದೇನೆ. ಯಾವುದಕ್ಕೆ ಕೈಹಾಕಬೇಕು ಅನ್ನುವುದರಲ್ಲಿ ಜಗಳ. ದುಡ್ಡು ತೆಗೆದುಕೊಂಡು ಕಲಿಸುವ ಪ್ರತಿ ರೇಂಜಿಗೂ ಅನುಮತಿ ಇರಲಿ. ಜಿಲ್ಲಾ ಕ್ರೀಡಾ ಇಲಾಖೆಯವರು ಬಂದು ಹಿಂದೆ ಎಷ್ಟು ಜಾಗ ಇದೆ, ಮಣ್ಣಿನ ದಿಬ್ಬ ಇದೆಯಾ, ಬಾಣ ತಡೆಯುವ ಬಲೆ ಇದೆಯಾ, ಪಕ್ಕದಲ್ಲಿ ಕಾಲುದಾರಿ ಇದೆಯಾ ಅಂತ ಅಳೆದು ನೋಡಲಿ. ಸೀಟಿ ಊದುವವರು ಒಬ್ಬರು ಇಲ್ಲದೆ ಬಾಣ ಬಿಡಿಸುವ ಹಾಗಿಲ್ಲ ಅಂತ ಇರಲಿ. ಆನ್‌ಲೈನ್‌ನಲ್ಲಿ 30 ಪೌಂಡಿಗಿಂತ ಜಾಸ್ತಿ ಎಳೆತದ ಬಿಲ್ಲು ಮಾರುವಾಗ ಕೊಳ್ಳುವವರ ವಯಸ್ಸು ಕೇಳಲಿ. ಅದು ಲೈಸೆನ್ಸ್ ಅಲ್ಲ, ಸಿಮ್ ಕಾರ್ಡ್ ಕೊಳ್ಳುವಾಗ ಕೊಡುವಷ್ಟೇ ಗುರುತು.

ಇನ್ನೊಂದು ಸಾಮಾನಿದೆ, ಅದರ ಬಗ್ಗೆ ನಾನು ಸ್ವಲ್ಪ ಖಾರವಾಗೇ ಹೇಳುತ್ತೇನೆ. ಬ್ರಾಡ್‌ಹೆಡ್ ಅನ್ನುತ್ತಾರೆ, ಬ್ಲೇಡಿನ ಮೊನೆ. ಸ್ಪರ್ಧೆಯ ಬಾಣದ ಮೊನೆ ಬುಲೆಟಿನ ತುದಿಯ ಹಾಗೆ ಉರುಟು. ಇದು ಹಾಗಲ್ಲ, ಎರಡೋ ಮೂರೋ ಅಲಗು ಇರುತ್ತದೆ. ಮಾಡಿರುವುದೇ ಪ್ರಾಣಿಯ ಮೈ ಸೀಳಿ ರಕ್ತ ಬಸಿಯಲಿ ಅಂತ. ನಮ್ಮ ದೇಶದಲ್ಲಿ ಬೇಟೆಗೆ ನಿಷೇಧ. ಯಾವ ರೇಂಜಿನಲ್ಲೂ ಇದನ್ನು ಹಲಗೆಗೆ ಹೊಡೆಯಲು ಬಿಡುವುದಿಲ್ಲ. ಹಾಗಾದರೆ ಇದನ್ನು ಮಾರುವುದು ಯಾರಿಗೆ? ಇದರ ಮಾರಾಟ ನಿಲ್ಲಿಸಿದರೆ ಒಬ್ಬ ಕ್ರೀಡಾಪಟುವಿಗೂ ನಷ್ಟವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬಿಲ್ಲಿಗೇ ಲೈಸೆನ್ಸ್ ಇಡಿ ಅನ್ನುವವರಿಗೆ ಒಂದು ಹುಡುಗನನ್ನು ತೋರಿಸುತ್ತೇನೆ. ರಾಜಸ್ಥಾನದ ಉದಯಪುರ ಕಡೆಯ ಬುಡಕಟ್ಟಿನ ಹುಡುಗ ಲಿಂಬಾ ರಾಮ್. ಬಿದಿರಿನ ಬಿಲ್ಲಿನಲ್ಲಿ ಹಕ್ಕಿ, ಮೊಲಕ್ಕೆ ಗುರಿ ಇಟ್ಟು ಕಲಿತವರು. ಹುಡುಕಿಕೊಂಡು ಬಂದ ಕ್ರೀಡಾ ಅಧಿಕಾರಿಗಳ ಕಣ್ಣಿಗೆ ಬಿದ್ದು 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. ಅವರ ಬಿದಿರಿನ ಬಿಲ್ಲಿಗೆ ಲೈಸೆನ್ಸ್ ಬೇಕಿದ್ದರೆ ಆ ಅಧಿಕಾರಿಗಳ ಮುಂದೆ ನಿಲ್ಲುವ ಮೊದಲೇ ಹುಡುಗ ಠಾಣೆಯಲ್ಲಿ ಕೂತಿರುತ್ತಿದ್ದ. ಹಕ್ಕಿ ಹೊಡೆಯುವುದು ತಪ್ಪು, ಅದಕ್ಕೆ ವನ್ಯಜೀವಿ ಕಾಯ್ದೆ ಇದೆ. ಜಾರ್ಖಂಡಿನ ದಲ್ಮಾ ಬೆಟ್ಟದಲ್ಲಿ ಪ್ರತಿ ಬೇಸಿಗೆಯ ಸೇಂದ್ರಾ ಬೇಟೆ ಹಬ್ಬದ ಹೊತ್ತಿಗೆ ಅರಣ್ಯ ಇಲಾಖೆಯವರು ಊರೂರು ತಿರುಗಿ, ಪೂಜೆ ಮಾಡಿ, ಪ್ರಾಣಿ ಕೊಲ್ಲಬೇಡಿ ಅಂತ ಕೇಳಿಕೊಳ್ಳುತ್ತಾರೆ. ಕಷ್ಟದ ಕೆಲಸ, ಆದರೆ ಸರಿಯಾದ ಕೆಲಸ. ಅವರು ಕಾಯುವುದು ಕಾಡನ್ನು, ಮನೆಯ ಗೋಡೆಯ ಬಿಲ್ಲನ್ನಲ್ಲ.

ನಮ್ಮ ಕೊಡಗಿನಲ್ಲಂತೂ ಬಂದೂಕಿಗೇ ವಿನಾಯಿತಿ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಕೊಟ್ಟ ರಿಯಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಮೇಘಾಲಯದಲ್ಲಿ ಇನ್ನೂ ವಿಚಿತ್ರ. ಶಿಲ್ಲಾಂಗ್‌ನಲ್ಲಿ ಖಾಸಿ ಬುಡಕಟ್ಟಿನ ಬಿಲ್ಲುಗಾರರು ಸಂಜೆ ಹೊತ್ತು ಹುಲ್ಲಿನ ಉರುಳೆಗೆ ಬಾಣ ಬಿಡುತ್ತಾರೆ. ನಾಟಿದ ಬಾಣಗಳ ಎಣಿಕೆಯ ಕೊನೆಯ ಎರಡು ಅಂಕಿಯ ಮೇಲೆ ಊರೆಲ್ಲ ಬಾಜಿ ಕಟ್ಟುತ್ತದೆ. ಅಲ್ಲಿ ಸರ್ಕಾರ ಲೈಸೆನ್ಸ್ ಕೊಡುವುದು ಬಾಜಿ ಕೌಂಟರಿಗೆ. ಬಿಲ್ಲಿಗಲ್ಲ!

ನಿಮಗೆ ಈಗಿಂದಲೇ ಕೆಲಸಕ್ಕೆ ಬರುವ ನಾಲ್ಕು ಮಾತು. ಪ್ರಯಾಣದಲ್ಲಿ ಬಿಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಿ. ಹೆದೆ ಏರಿಸಿಟ್ಟ ಬಿಲ್ಲು ಬಸ್ಸಿನಲ್ಲಿ ಬೇಡ. ಬಾಣಗಳು ಮುಚ್ಚಳ ಇರುವ ಕೊಳವೆಯಲ್ಲಿರಲಿ. ಸಂಘದ ಗುರುತಿನ ಚೀಟಿ, ಸ್ಪರ್ಧೆಯ ಕರೆಪತ್ರ, ಕೋಚ್ ಸಹಿ ಮಾಡಿದ ಒಂದು ಪತ್ರ, ಬಿಲ್ಲು ಕೊಂಡ ರಸೀದಿ, ಇವುಗಳ ಜೆರಾಕ್ಸ್ ಪೆಟ್ಟಿಗೆಯಲ್ಲೇ ಇರಲಿ. ವಿಮಾನವಾದರೆ ಚೆಕ್-ಇನ್ ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬಾಣ ಬಿಡುವುದಿಲ್ಲ. ಪೊಲೀಸರು ಕೇಳಿದರೆ ವಾದಕ್ಕೆ ನಿಲ್ಲಬೇಡಿ. ಮಗನೇ ಪೆಟ್ಟಿಗೆ ತೆಗೆದು ತೋರಿಸಲಿ. ಹದಿಮೂರು ವರ್ಷದ ಹುಡುಗ "ಸರ್, ಇದು ರೈಸರ್, ಇದು ಲಿಂಬ್" ಅಂತ ವಿವರಿಸಲು ಶುರು ಮಾಡಿದರೆ ಎಂಥ ಗಡಸು ಮೀಸೆಯ ಕೆಳಗೂ ನಗು ಬರುತ್ತದೆ. ನಾನು ನೋಡಿದ್ದೇನೆ.

ಕೊನೆಗೆ ನೀವು ಬರೆಯದೆ ಬಿಟ್ಟ ಒಂದು ವಿಷಯ. ಮಗ ಮನೆಯಲ್ಲಿ ಎಲ್ಲಿ ಅಭ್ಯಾಸ ಮಾಡುತ್ತಾನೆ? ಅಪಾರ್ಟ್‌ಮೆಂಟಿನ ಟೆರೇಸ್, ಬೇಸ್‌ಮೆಂಟ್, ಉದ್ದನೆಯ ಕಾರಿಡಾರ್, ಇದರಲ್ಲಿ ಯಾವುದಾದರೂ ಆಗಿದ್ದರೆ ಆ ಸಭೆಯಲ್ಲಿ ಮಾತಾಡಿದವರೇ ಸರಿ, ಇವತ್ತೇ ನಿಲ್ಲಿಸಿ. ಮನೆಯಲ್ಲಿ ರಬ್ಬರ್ ಬ್ಯಾಂಡ್ ಎಳೆದು ಕನ್ನಡಿ ಮುಂದೆ ಭಂಗಿ ತಿದ್ದಿಕೊಳ್ಳಲಿ. ಬಿಲ್ಲು ಎಳೆದು ನಿಧಾನ ಇಳಿಸುವ ಅಭ್ಯಾಸ ಮಾಡಲಿ, ಬಾಣ ಹೂಡದೆ. ಬರೀ ಹೆದೆಯನ್ನು ಮಾತ್ರ ಯಾವತ್ತೂ ಬಿಡಬಾರದು, ಲಿಂಬ್ ಸೀಳುತ್ತದೆ. ಬಾಣಗಳ ಕೊಳವೆ ರಾತ್ರಿ ನಿಮ್ಮ ಬೀರುವಿನಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರ. ಮುಂದಿನ ಸಭೆಗೆ ಹೋಗುವಾಗ ಅದನ್ನು ಅವರಿಗೆ ಹೇಳಿ. ಆಮೇಲೆ ಅವರ ಮನೆಯ ಮಕ್ಕಳನ್ನೂ ಒಂದು ಭಾನುವಾರ ರೇಂಜಿಗೆ ಕರೆದುಕೊಂಡು ಹೋಗಿ. ಗೆರೆಯ ಹಿಂದೆ ನಿಲ್ಲಿಸಿ, ಸೀಟಿ ಎಷ್ಟು ಸಲ ಊದುತ್ತಾರೆ ಅಂತ ಎಣಿಸಲು ಹೇಳಿ.